ಬಸ್ ಬೋರ್ಡಿನ ಚುಕ್ಕಿ ಅಕ್ಷರ ಕನ್ನಡದಲ್ಲಿ: ಗ್ರಾಫ್ ಹಾಳೆಯಿಂದ ಬೋರ್ಡಿನ ತನಕ

ಮೆಜೆಸ್ಟಿಕ್‌ನಲ್ಲಿ ಬಸ್ಸಿನ ನೆತ್ತಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಊರಿನ ಹೆಸರು ಮೂಡುತ್ತದಲ್ಲ, ಆ ಅಕ್ಷರ ಕನ್ನಡದಲ್ಲಿ ಎಲ್ಲಿ ಸಿಗುತ್ತದೆ ಎಂದು ತುಂಬಾ ಜನ ಕೇಳುತ್ತಿದ್ದೀರಿ. ಕೆಲವರಿಗೆ ಪೋಸ್ಟರಿಗೆ, ಟೀ ಶರ್ಟಿಗೆ ಬೇಕು. ಕಾಲೇಜು ಹುಡುಗರಿಗೆ ಪ್ರಾಜೆಕ್ಟಿಗೆ ಬೇಕು. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಎಂಬುದು 2024ರಲ್ಲಿ ಕಾನೂನಾದ ಮೇಲೆ ಅಂಗಡಿಯವರೂ ಕೇಳುತ್ತಿದ್ದಾರೆ.

ಇಂಗ್ಲಿಷಿಗಾದರೆ ಇಂಥ ಫಾಂಟುಗಳು ಬೇಕಾದಷ್ಟಿವೆ. ಗೂಗಲ್ ಫಾಂಟ್ಸ್‌ನಲ್ಲೇ ಡೋಟೊ, ಕೋಡಿಸ್ಟಾರ್ ಬಿಟ್ಟಿ ಸಿಗುತ್ತವೆ. ಆದರೆ ಅವುಗಳಲ್ಲಿ ಕನ್ನಡ ಇಲ್ಲ. ಯೂನಿಫಾಂಟ್ ಎಂಬ 16 ಚುಕ್ಕಿ ಎತ್ತರದ ಮುಕ್ತ ಫಾಂಟಿನಲ್ಲಿ ಕನ್ನಡದ ಬಿಡಿ ಅಕ್ಷರಗಳಿವೆ, ಒತ್ತಕ್ಷರ ಮಾತ್ರ ಕೂಡುವುದಿಲ್ಲ. ಹಾಗಾಗಿ ನೀವೇ ಮಾಡಿಕೊಳ್ಳುವುದು ಒಳ್ಳೆಯದು. ಕಷ್ಟವೇನಿಲ್ಲ. ಆದರೆ ಕನ್ನಡದ ಚುಕ್ಕಿ ಲೆಕ್ಕ ಕೆಳಗಿನಿಂದ, ಅಂದರೆ ಒತ್ತಿನಿಂದ ಶುರುವಾಗಬೇಕು. ನನ್ನ ಮೊದಲ ಫಾಂಟಿನಲ್ಲಿ ನಾನು ಮೇಲಿನಿಂದ ಶುರು ಮಾಡಿದ್ದೆ. ಅರ್ಧ ವರ್ಣಮಾಲೆ ಬರೆದ ಮೇಲೆ ಒತ್ತಿಗೆ ಜಾಗವೇ ಉಳಿದಿಲ್ಲ ಎಂದು ಗೊತ್ತಾಯಿತು. ಎಲ್ಲಾ ಅಳಿಸಿ ಮತ್ತೆ ಬರೆದೆ.

ಮೊದಲು ಇದನ್ನು ತೀರ್ಮಾನಿಸಿ: ಬೆಳಕು ಬೇಕೋ, ನೋಟ ಸಾಕೋ?

ನಿಜವಾಗಿ ಎಲ್‌ಇಡಿ ಉರಿಯುವ ಬೋರ್ಡ್ ನಿಮ್ಮದಾದರೆ ನಿಮಗೆ ಫಾಂಟೇ ಬೇಕಾಗದಿರಬಹುದು. ಅಂಗಡಿಯ ಹೆಸರು, ಕೆಳಗೆ ಎರಡು ಸಾಲು ಮಾತು, ಅಷ್ಟೇ ಅಲ್ವಾ? ಅದಕ್ಕೆ ಒಂದು ಚಿತ್ರ ಸಾಕು. ನೀವು ಹಂತ 1, 3, 7 ಮಾತ್ರ ಓದಿ.

ಪೋಸ್ಟರ್, ವಿಡಿಯೋ ಶೀರ್ಷಿಕೆ, ಆಮಂತ್ರಣ ಪತ್ರಿಕೆಗೆ ಬರೀ ಆ ನೋಟ ಬೇಕು, ಕೀಬೋರ್ಡಿನಲ್ಲಿ ಒತ್ತಿದರೆ ಅಕ್ಷರ ಮೂಡಬೇಕು ಅನ್ನುವವರು ಪೂರ್ತಿ ಓದಿ.

ಏನೇನು ಬೇಕು

ಚೌಕ ದೊಡ್ಡದಿರುವ ಗ್ರಾಫ್ ಪುಸ್ತಕ, ಪೆನ್ಸಿಲ್, ರಬ್ಬರ್. ಅವೆನ್ಯೂ ರೋಡಿನ ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತವೆ. ಕಂಪ್ಯೂಟರಿನಲ್ಲೇ ಬರೆಯುತ್ತೇನೆ ಎಂದರೆ ಬೇಡ ಅನ್ನುವುದಿಲ್ಲ. ಆದರೆ ಹಾಳೆಯಲ್ಲಿ ಕೈ ಬೇಗ ಓಡುತ್ತದೆ.

ಫಾಂಟ್ ಮಾಡಲು ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶ. ನೋಡೋಕೆ ಹಳೇ ಕಾಲದ್ದು, ಕೆಲಸ ಮಾತ್ರ ಪಕ್ಕಾ.

ಬೋರ್ಡ್ ಕಟ್ಟುವವರಿಗೆ ಪಿ10 ಮಾಡ್ಯೂಲ್ ಎಂಬ ಎಲ್‌ಇಡಿ ಚುಕ್ಕಿಗಳ ಹಲಗೆ, ಅದನ್ನು ನಡೆಸುವ ಕಂಟ್ರೋಲ್ ಕಾರ್ಡ್, 5 ವೋಲ್ಟಿನ ಎಸ್‌ಎಂಪಿಎಸ್ ಬೇಕು. ಎಸ್‌ಎಂಪಿಎಸ್ ಅಂದರೆ ಮನೆಯ ಕರೆಂಟನ್ನು 5 ವೋಲ್ಟಿಗೆ ಇಳಿಸುವ ಡಬ್ಬ. ಇವೆಲ್ಲ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಪಿ10 ಎಂದರೆ ಒಂದು ಚುಕ್ಕಿಯ ನಡುವಿನಿಂದ ಪಕ್ಕದ ಚುಕ್ಕಿಯ ನಡುವಿಗೆ 10 ಮಿಲಿಮೀಟರ್. ಒಂದು ಮಾಡ್ಯೂಲಿನಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16 ಚುಕ್ಕಿ. ಇದರಲ್ಲೊಂದು ಅನುಕೂಲ ಇದೆ: ಚುಕ್ಕಿ ಎಣಿಸಿದರೆ ಅದೇ ಸೆಂಟಿಮೀಟರ್ ಲೆಕ್ಕ. 96 ಚುಕ್ಕಿ ಅಗಲದ ಹೆಸರು ಎಂದರೆ 96 ಸೆಂಟಿಮೀಟರ್ ಬೋರ್ಡ್, ಮೂರು ಮಾಡ್ಯೂಲ್.

ಹಂತ 1: ಸಾಲು ಹಂಚಿಕೊಳ್ಳಿ

ಇಂಗ್ಲಿಷಿನ ಚುಕ್ಕಿ ಅಕ್ಷರ 5 ಅಡ್ಡ, 7 ಉದ್ದದ ಚೌಕಟ್ಟಿನಲ್ಲಿ ಮುಗಿಯುತ್ತದೆ. ಒಟ್ಟು 35 ಚುಕ್ಕಿ. ಕನ್ನಡವನ್ನು ಅದರೊಳಗೆ ತುರುಕಲು ಹೋಗಬೇಡಿ. ನಮ್ಮ ಅಕ್ಷರಕ್ಕೆ ತಲೆಯ ಮೇಲೆ ತಲಕಟ್ಟು, ಗುಡಿಸು. ಕಾಲ ಕೆಳಗೆ ಒತ್ತು. ಮೂರು ಮಹಡಿ ಕಟ್ಟಡ ಇದು.

16 ಸಾಲನ್ನು ನಾನು ಹಂಚುವುದು ಹೀಗೆ. ಕೆಳಗಿನ 5 ಸಾಲು ಒತ್ತಿಗೆ. ಅದರ ಮೇಲೆ 1 ಸಾಲು ಖಾಲಿ, ಒತ್ತು ಅಕ್ಷರಕ್ಕೆ ಅಂಟಿಕೊಳ್ಳದಿರಲಿ ಎಂದು. ಅದರ ಮೇಲಿನ 7 ಸಾಲು ಅಕ್ಷರದ ಮೈಗೆ. ಉಳಿದ 3 ಸಾಲು ತಲಕಟ್ಟು, ಗುಡಿಸು, ಏತ್ವಕ್ಕೆ. ಗುಡಿಸಿನ ದುಂಡಿನೊಳಗೆ ಒಂದು ತೂತು ಕಾಣಬೇಕಾದರೆ 3 ಸಾಲಿಗಿಂತ ಕಡಿಮೆಯಲ್ಲಿ ಆಗುವುದಿಲ್ಲ. ಮೈಗೆ 7 ಸಾಲು ಸಿಕ್ಕಿದ್ದರಿಂದ ಇನ್ನೊಂದು ಲಾಭ ಇದೆ. ಬಸ್ ನಂಬರಿನಂಥ ಅಂಕಿ, ಇಂಗ್ಲಿಷ್ ಅಕ್ಷರ ಪಕ್ಕದಲ್ಲಿ ಬಂದರೆ ಅದೇ 7 ಸಾಲಿನಲ್ಲಿ ಸರಿಯಾಗಿ ಕೂರುತ್ತವೆ.

ಎಚ್ಚರಿಕೆ: 8 ಸಾಲಿನ ಚಿಕ್ಕ ಮಾಡ್ಯೂಲ್ ಅಗ್ಗ ಎಂದು ಕೊಳ್ಳಬೇಡಿ. "ನಮನ" ಬರೆಯಬಹುದು, "ನಮಸ್ಕಾರ" ಬರೆಯಲು ಹೋದರೆ ಒತ್ತು ಬೀದಿಗೆ ಬೀಳುತ್ತದೆ. ಪ್ರಾಜೆಕ್ಟ್ ಮಾಡುವವರಿಗೂ ಇದೇ ಮಾತು. 16 ಅಕ್ಷರ, 2 ಸಾಲಿನ ಎಲ್‌ಸಿಡಿ ಇರುತ್ತದಲ್ಲ, ಅದರಲ್ಲಿ ನಮ್ಮದೇ ಅಕ್ಷರ ಇಡಲು 8 ಮನೆ ಮಾತ್ರ. ಒಂದೊಂದು ಮನೆಯೂ 5 ಅಡ್ಡ, 8 ಉದ್ದ. ಕನ್ನಡದ ಒಂದು ಅಕ್ಷರಕ್ಕೇ ಎರಡು ಮನೆ ಬೇಕಾಗುತ್ತದೆ. ನಿಮ್ಮ ಹೆಸರು ಹಿಡಿಸುವ ಮೊದಲೇ ಮನೆ ಖಾಲಿ. ಚುಕ್ಕಿ ಚುಕ್ಕಿಯಾಗಿ ಚಿತ್ರ ಬರೆಯಲು ಬಿಡುವ ಗ್ರಾಫಿಕ್ ಡಿಸ್‌ಪ್ಲೇ ತೆಗೆದುಕೊಳ್ಳಿ.

ಹಂತ 2: ಏನೇನು ಬರೆಯಬೇಕು, ಎಣಿಸಿ

49 ಅಕ್ಷರ ಬರೆದರೆ ಮುಗಿಯಿತು ಎಂದುಕೊಂಡು ಶುರು ಮಾಡುವವರು ಜಾಸ್ತಿ. 34 ವ್ಯಂಜನ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ತಲಕಟ್ಟಿನ ರೂಪ, ಇಳಿ ಕೊಟ್ಟ ರೂಪ, ಗುಡಿಸಿನ ರೂಪ, ಏತ್ವದ ರೂಪ, ಔತ್ವದ ರೂಪ, ಜೊತೆಗೆ ಕ್, ಚ್ ಎನ್ನುವ ಅರ್ಧಾಕ್ಷರ. 34ನ್ನು 6ರಿಂದ ಗುಣಿಸಿದರೆ 204. ಒತ್ತುಗಳು 34. ಅಲ್ಲಿಗೆ 238. ಸ್ವರ, ಅಂಕಿ, ಸೊನ್ನೆ, ವಿಸರ್ಗ, ಕೊಂಬು, ದೀರ್ಘ, ವಟ್ರಸುಳಿ, ಅರ್ಕಾವತ್ತು ಇನ್ನೂ ಬಾಕಿ.

ಹೆದರಬೇಡಿ. 34 ವ್ಯಂಜನಗಳ ಮೈಯನ್ನು ತಲಕಟ್ಟು ಇಲ್ಲದೆ ಒಮ್ಮೆ ಬರೆದಿಟ್ಟುಕೊಳ್ಳಿ. ಮೇಲಿನ ಗುರುತುಗಳನ್ನು ಬೇರೆಯಾಗಿ ಒಮ್ಮೆ ಬರೆಯಿರಿ. ಆಮೇಲೆ ಜೋಡಿಸುವುದಷ್ಟೇ. ಮಾಮೂಲಿ ಫಾಂಟಿನಲ್ಲಿ ಈ ಜೋಡಣೆ ದೊಡ್ಡ ತಲೆನೋವು, ಗೆರೆಗೆ ಗೆರೆ ನಯವಾಗಿ ಸೇರಬೇಕು. ಇಲ್ಲಿ ಎಲ್ಲವೂ ಒಂದೇ ಚೌಕದ ಮೇಲಿರುವುದರಿಂದ ಚುಕ್ಕಿಯ ಪಕ್ಕ ಚುಕ್ಕಿ ಬಂದರೆ ಸೇರಿದ ಹಾಗೇ. ಕೈಯಿಂದ ತಿದ್ದಬೇಕಾದವು ಕೆಲವೇ. ಪು, ವು ಅಂಥವು. ಅವುಗಳಿಗೆ ಕೊಂಬು ಅಂಟುವ ಜಾಗವೇ ಬೇರೆ.

ಹಂತ 3: ಗ್ರಾಫ್ ಹಾಳೆಯಲ್ಲಿ ಬರೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು, ಹಿಡಿಯಬೇಕಾದ್ದು ಇದೇ. ಮನೆ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕಿದವರಿಗೆ ಚೌಕದ ಲೆಕ್ಕ ಗೊತ್ತಿರುತ್ತದೆ. ಆದರೆ ಅಲ್ಲಿ ಕೊನೆಗೆ ಗೆರೆ ಉಳಿಯುತ್ತದೆ, ಇಲ್ಲಿ ಚುಕ್ಕಿಯೇ ಉಳಿಯಬೇಕು. ಗೆರೆ ಎಳೆದು ಆಮೇಲೆ ಚುಕ್ಕಿ ಮಾಡೋಣ ಎಂದುಕೊಳ್ಳಬೇಡಿ. ಮೊದಲಿನಿಂದಲೇ ಚೌಕ ತುಂಬುತ್ತಾ ಹೋಗಿ.

"ರ"ದಿಂದ ಶುರು ಮಾಡಿ. 7 ಸಾಲಿನ ಮೈ, 8 ಅಥವಾ 9 ಚುಕ್ಕಿ ಅಗಲ. ಚೌಕದಲ್ಲಿ ದುಂಡು ಹೇಗೆ ಬರುತ್ತದೆ ಎಂದರೆ ಮೂಲೆಯ ಚುಕ್ಕಿ ಬಿಟ್ಟುಬಿಡುವುದರಿಂದ. ನಾಲ್ಕೂ ಮೂಲೆಯಲ್ಲಿ ಒಂದೊಂದು ಚುಕ್ಕಿ ಬಿಟ್ಟು ನೋಡಿ, ಹತ್ತಡಿ ದೂರದಿಂದ ಕಣ್ಣು ಅದನ್ನು ದುಂಡಗೆ ಓದಿಕೊಳ್ಳುತ್ತದೆ. ಗೆರೆಯ ದಪ್ಪ ಒಂದೇ ಚುಕ್ಕಿ ಇರಲಿ. ಎರಡು ಚುಕ್ಕಿ ದಪ್ಪ ಬೇಕು ಎಂದರೆ 32 ಸಾಲಿಗೆ ಹೋಗಿ, ಅಂದರೆ ಎರಡು ಮಾಡ್ಯೂಲ್ ಒಂದರ ಮೇಲೊಂದು.

"ರ" ಸರಿಯಾಗಿ ಬಂದರೆ ಅದರ ಬಳಗ ಕೈಗೆ ಸಿಕ್ಕಿತು. ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ಠ. ದ, ಧ, ಥ ಕೂಡ ಹತ್ತಿರದವೇ. ಕಷ್ಟ ಇರುವುದು ಇಲ್ಲೇ. ದೊಡ್ಡ ಅಕ್ಷರದಲ್ಲಿ ಸಲೀಸಾಗಿ ಕಾಣುವ ಸಣ್ಣ ವ್ಯತ್ಯಾಸ 7 ಸಾಲಿನಲ್ಲಿ ಕರಗಿಹೋಗುತ್ತದೆ. ಹಾಗಾಗಿ ಇವುಗಳನ್ನು ಒಂದೊಂದಾಗಿ ಬರೆಯಬೇಡಿ, ಗುಂಪಾಗಿ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ: ರ ಠ ದ ಧ ಥ. ಪ ಷ ಫ ಘ. ಬ ಭ. ಡ ಢ. ಚ ಛ. ವ ಮ. ಎ ಏ ಐ. "ಪ" ಮತ್ತು ಹೊಟ್ಟೆ ಸೀಳಿದ "ಷ"ಕ್ಕೆ ಇರುವ ವ್ಯತ್ಯಾಸ ಒಳಗಿನ ಸೀಳು ಮಾತ್ರ. ಆ ಸೀಳಿಗೆ ಕನಿಷ್ಠ ಎರಡು ಚುಕ್ಕಿ ಕೊಡಿ. ಮಹಾಪ್ರಾಣದ ಕೆಳಸೀಳಿಗೂ ಅಷ್ಟೇ, ಒಂದು ಚುಕ್ಕಿ ಮೈಯ ಒಳಗೆ, ಒಂದು ಕೆಳಗಿನ ಖಾಲಿ ಸಾಲಿಗೆ. ಹೌದು, ಖಾಲಿ ಬಿಡಿ ಎಂದು ನಾನೇ ಹೇಳಿದ ಸಾಲು. ಇದೊಂದಕ್ಕೆ ಮಾಫಿ.

ಒಳಗಿನ ಖಾಲಿ ಜಾಗದ ಬಗ್ಗೆ ಒಂದು ಮಾತು. ಕಾಗದದ ಮೇಲೆ ಒಂದು ಚೌಕದ ತೂತು ಚೆನ್ನಾಗಿ ಕಾಣುತ್ತದೆ. ರಾತ್ರಿ ಎಲ್‌ಇಡಿ ಉರಿದಾಗ ಸುತ್ತಲ ಬೆಳಕು ಹರಡಿ ಆ ತೂತು ಮುಚ್ಚಿಹೋಗುತ್ತದೆ. ಆದಷ್ಟೂ ಎರಡು ಚುಕ್ಕಿ ಖಾಲಿ ಬಿಡಿ. ಗುಡಿಸಿನ ದುಂಡಿನಲ್ಲಿ ಆಗುವುದಿಲ್ಲ, ಅಲ್ಲಿ ಅಡ್ಡಕ್ಕಾದರೂ ಎರಡು ಮಾಡಿ.

ಒತ್ತುಗಳಿಗೆ 5 ಸಾಲು ಧಾರಾಳ. ಆದರೆ ಎಲ್ಲಾ ಒತ್ತಿಗೂ ಐದೂ ಸಾಲು ತುಂಬಿಸಬೇಕಿಲ್ಲ. ತ, ಮ, ಯ, ರ, ಲ, ನ ಒತ್ತುಗಳ ಆಕಾರವೇ ಬೇರೆ, ಅವನ್ನು ಎಚ್ಚರದಿಂದ ಬರೆಯಿರಿ. ಉಳಿದವು ತಲಕಟ್ಟಿಲ್ಲದ ಮೂಲ ಅಕ್ಷರದ ಮರಿಗಳು.

ಕನ್ನಡ ಅಂಕಿಗಳನ್ನೂ ಬರೆಯಿರಿ. ೬ ಮತ್ತು ೯ ಅಕ್ಕಪಕ್ಕ ಇಟ್ಟು ನೋಡಿ. ದೂರದಿಂದ ನಿಮಗೇ ಗೊಂದಲ ಆದರೆ ಬಾಲ ಉದ್ದ ಮಾಡಿ.

ಹಂತ 4: ಹಾಳೆಯಿಂದ ಫಾಂಟಿಗೆ

ಫಾಂಟ್‌ಫೋರ್ಜ್‌ನಲ್ಲಿ ಹೊಸ ಫಾಂಟ್ ತೆರೆದು ಎಮ್ ಅಳತೆಯನ್ನು 1600 ಮಾಡಿ. ಎಮ್ ಅಂದರೆ ಅಕ್ಷರ ಕೂರುವ ಚೌಕಟ್ಟಿನ ಎತ್ತರ. 16 ಸಾಲಿಗೆ 1600 ಇಟ್ಟರೆ ಒಂದು ಚೌಕ ಸರಿಯಾಗಿ 100. ತಲೆ ಕೆಡಿಸಿಕೊಳ್ಳುವ ಕೆಲಸ ಇಲ್ಲ. ಅಕ್ಷರ ನಿಲ್ಲುವ ಗೆರೆಯಿಂದ ಮೇಲೆ 1000, ಕೆಳಗೆ 600.

ಒಂದು ಚುಕ್ಕಿಯನ್ನು ಬೇರೆ ಮನೆಯಲ್ಲಿ ಬರೆದಿಡಿ. ಅಡ್ಡಳತೆ 80. ಆಗ ಚುಕ್ಕಿಗಳ ನಡುವೆ 20 ಉಳಿಯುತ್ತದೆ. 70ಕ್ಕಿಂತ ಕಡಿಮೆ ಮಾಡಿದರೆ ಅಕ್ಷರ ಚೆಲ್ಲಾಪಿಲ್ಲಿ. 90 ದಾಟಿದರೆ ಚುಕ್ಕಿಯೇ ಕಾಣುವುದಿಲ್ಲ, ದಪ್ಪ ಗೆರೆಯಾಗುತ್ತದೆ. ಎಲ್ಲಾ ಅಕ್ಷರಕ್ಕೂ ಆ ಒಂದೇ ಚುಕ್ಕಿಯನ್ನು ರೆಫರೆನ್ಸ್ ಆಗಿ ತನ್ನಿ. ರೆಫರೆನ್ಸ್ ಅಂದರೆ ನಕಲು ಅಲ್ಲ, ಮೂಲಕ್ಕೆ ಕಟ್ಟಿದ ಕೊಂಡಿ. ನಾಳೆ ದುಂಡು ಚುಕ್ಕಿ ಬೇಡ, ಚೌಕ ಬೇಕು ಅನ್ನಿಸಿದರೆ ಒಂದು ಕಡೆ ಬದಲಿಸಿ, ಇಡೀ ಫಾಂಟ್ ಬದಲಾಗುತ್ತದೆ. ಸುಮ್ನೆ ಕಾಪಿ ಪೇಸ್ಟ್ ಮಾಡಿದವರು ಸಾವಿರಾರು ಚುಕ್ಕಿ ಕೈಯಲ್ಲಿ ತಿದ್ದಬೇಕಾಗುತ್ತದೆ.

ಎಚ್ಚರಿಕೆ: ಫಾಂಟ್ ಮಾಹಿತಿಯ ಕಿಟಕಿಯಲ್ಲಿ ವಿನ್ ಅಸೆಂಟ್, ವಿನ್ ಡಿಸೆಂಟ್ ಎಂಬ ಎರಡು ಅಳತೆಗಳಿವೆ. ವಿಂಡೋಸ್‌ನಲ್ಲಿ ಅದಕ್ಕಿಂತ ಆಚೆ ಹೋದ ಭಾಗ ಕತ್ತರಿಸಿ ಹೋಗಬಹುದು. ಡಿಸೆಂಟ್ ಚಿಕ್ಕದಿಟ್ಟರೆ ನೀವು ಕಷ್ಟಪಟ್ಟು ಬರೆದ ಒತ್ತುಗಳೆಲ್ಲ ಪರದೆಯ ಮೇಲೆ ಅರ್ಧ ಮಾಯ. 600ಕ್ಕಿಂತ ಕಡಿಮೆ ಇಡಬೇಡಿ.

ಹಂತ 5: ಕೂಡಿಸುವ ನಿಯಮ

"ಕ್ಕ" ಎಂಬುದಕ್ಕೆ ಕಂಪ್ಯೂಟರಿನಲ್ಲಿ ಒಂದೇ ಸಂಕೇತ ಇಲ್ಲ. ಕ, ಹಲಂತ, ಕ ಎಂದು ಮೂರು ಸಂಕೇತ. ಹಲಂತ ಅಂದರೆ ಕ ಅನ್ನು ಕ್ ಮಾಡುವ ಗುರುತು. ಇವು ಸಾಲಾಗಿ ಬಂದಾಗ ಒತ್ತು ತೋರಿಸು ಎಂದು ಫಾಂಟಿನೊಳಗೆ ನಿಯಮ ಬರೆಯಬೇಕು. ಫಾಂಟ್‌ಫೋರ್ಜ್‌ನಲ್ಲಿ ಇದಕ್ಕೆ ಲುಕಪ್ ಎನ್ನುತ್ತಾರೆ.

ಹೊಸಬರು ಎಡವುವುದು ಲಿಪಿಯ ಗುರುತಿನಲ್ಲಿ, ಅಂದರೆ ಈ ನಿಯಮ ಯಾವ ಲಿಪಿಗೆ ಎಂದು ಹೇಳುವ ಹೆಸರಿನಲ್ಲಿ. ಕನ್ನಡಕ್ಕೆ ಎರಡು ಗುರುತುಗಳಿವೆ: ಹಳೆಯದು ಕೆಎನ್‌ಡಿಎ, ಹೊಸದು ಕೆಎನ್‌ಡಿ2. ಹೊಸದರಲ್ಲಿ ಒತ್ತಿನ ನಿಯಮ "ಹಲಂತ, ಆಮೇಲೆ ವ್ಯಂಜನ" ಎಂಬ ಕ್ರಮದಲ್ಲಿರಬೇಕು. ಹಳೆಯದರಲ್ಲಿ ತಿರುವುಮುರುವು. ಹಳೆಯ ಪಾಠ ನೋಡಿ ನಿಯಮ ಬರೆದು, ಹೊಸ ಗುರುತು ಹಾಕಿದರೆ ಒಂದು ಒತ್ತೂ ಮೂಡುವುದಿಲ್ಲ. ತಪ್ಪು ಎಲ್ಲಿದೆ ಎಂದೂ ತಿಳಿಯುವುದಿಲ್ಲ.

ಕೀಬೋರ್ಡಿನಲ್ಲಿ ಕಾಣದ ಎರಡು ಸಂಕೇತಗಳಿಗೂ ಮನೆ ಮಾಡಿಕೊಡಿ. "ರಾಜ್‌ಕುಮಾರ್ ರಸ್ತೆ" ಎನ್ನುವಲ್ಲಿ ಜ್ ಮತ್ತು ಕು ಕೂಡದಂತೆ ತಡೆಯುವುದು ಒಂದು, ಜೆಡ್‌ಡಬ್ಲ್ಯೂಎನ್‌ಜೆ. "ರ‍್ಯಾಂಕ್" ಎನ್ನುವಲ್ಲಿ ಅರ್ಕಾವತ್ತು ಬಾರದಂತೆ ನೋಡಿಕೊಳ್ಳುವುದು ಇನ್ನೊಂದು, ಜೆಡ್‌ಡಬ್ಲ್ಯೂಜೆ. ಎರಡಕ್ಕೂ ಅಗಲ ಸೊನ್ನೆ, ಒಳಗೆ ಚುಕ್ಕಿ ಇಲ್ಲ. ಇವು ಇಲ್ಲದಿದ್ದರೆ ಪದದ ನಡುವೆ ಖಾಲಿ ಡಬ್ಬ ಬರಬಹುದು, ಇಲ್ಲವೇ ಅಷ್ಟು ಭಾಗ ಬೇರೆ ಫಾಂಟಿಗೆ ಜಿಗಿಯಬಹುದು.

ಹಂತ 6: ಪರೀಕ್ಷೆ

ವರ್ಣಮಾಲೆ ಟೈಪ್ ಮಾಡಿ ನೋಡಿದರೆ ಸಾಲದು. ಊರಿನ ಬೋರ್ಡುಗಳನ್ನೇ ಪರೀಕ್ಷೆಗೆ ಇಡಿ: ಶ್ರೀ, ಲಕ್ಷ್ಮಿ, ಮಲ್ಲೇಶ್ವರ, ಕೃಷ್ಣರಾಜಪುರ, ಚಿಕ್ಕಪೇಟೆ, ಕೆಂಗೇರಿ, ಮಾರ್ಕೆಟ್, ನಿಲ್ದಾಣ, ಕಾಂಡಿಮೆಂಟ್ಸ್, ರಾಷ್ಟ್ರ, ಸ್ತ್ರೀ, ಜ್ಞಾನ. "ಲಕ್ಷ್ಮಿ"ಯಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ಅವನ್ನು ಒಂದರ ಕೆಳಗೊಂದು ಇಡಲು ಜಾಗವಿಲ್ಲ, ಪಕ್ಕಪಕ್ಕ ಇಡಿ. ಅಕ್ಷರದ ಅಗಲವನ್ನೂ ಅಷ್ಟು ಹೆಚ್ಚಿಸಿ. ಇಲ್ಲದಿದ್ದರೆ ಎರಡನೇ ಒತ್ತು ಪಕ್ಕದವರ ಕಾಲು ತುಳಿಯುತ್ತದೆ.

ಹಂತ 7: ಬೋರ್ಡಿಗೆ ಏರಿಸುವುದು

ಕಂಟ್ರೋಲ್ ಕಾರ್ಡಿನ ಜೊತೆ ಬರುವ ತಂತ್ರಾಂಶದಲ್ಲಿ ನೇರ ಕನ್ನಡ ಟೈಪ್ ಮಾಡಿದರೆ "ಶ್ರೀ" ಒಡೆದು ಚೂರಾಗುವುದನ್ನು ನೋಡಿರುತ್ತೀರಿ. ಇಂಥ ಎಷ್ಟೋ ತಂತ್ರಾಂಶಗಳಿಗೆ ಹಂತ 5ರ ಕೂಡಿಸುವ ನಿಯಮ ಓದಲು ಬರುವುದಿಲ್ಲ. ನಿಮ್ಮ ಫಾಂಟಿನ ತಪ್ಪಲ್ಲ ಅದು. ಬೋರ್ಡಿನವರು ಇನ್ನೂ ಹಳೇ ನುಡಿ ಫಾಂಟ್ ಬಿಡದಿರಲು ಇದೂ ಒಂದು ಕಾರಣ. ಅದರಲ್ಲಿ ಪ್ರತಿ ಚೂರೂ ಬೇರೆ ಬೇರೆ ಅಕ್ಷರವಾಗಿ ಕೂತಿರುತ್ತದೆ, ಕೂಡಿಸುವ ಪ್ರಶ್ನೆಯೇ ಇಲ್ಲ.

ಇದಕ್ಕೆ ಸುಲಭದ ದಾರಿ, ಪಠ್ಯ ಕಳಿಸಬೇಡಿ, ಚಿತ್ರ ಕಳಿಸಿ. ಪೇಂಟ್ ತೆರೆಯಿರಿ. ಹಾಳೆಯ ಅಳತೆಯನ್ನು ಬೋರ್ಡಿನ ಚುಕ್ಕಿ ಎಣಿಕೆಗೆ ಸರಿಯಾಗಿ ಇಡಿ. ಮೂರು ಮಾಡ್ಯೂಲ್ ಆದರೆ 96 ಅಗಲ, 16 ಎತ್ತರ. ಹಿನ್ನೆಲೆ ಕಪ್ಪು. ಪೂರ್ತಿ ಹಿಗ್ಗಿಸಿಕೊಂಡು ಗ್ರಾಫ್ ಹಾಳೆ ನೋಡುತ್ತಾ ಬಿಳಿ ಚುಕ್ಕಿ ಇಡುತ್ತಾ ಹೋಗಿ. ಉಳಿಸುವಾಗ ಮೊನೊಕ್ರೋಮ್ ಬಿಟ್‌ಮ್ಯಾಪ್ ಆರಿಸಿ. ಅಂದರೆ ಕಪ್ಪು, ಬಿಳಿ ಎರಡೇ ಬಣ್ಣ, ನಡುವೆ ಬೂದು ಇಲ್ಲ. ಜೇಪೆಗ್ ಬೇಡವೇ ಬೇಡ. ಅದು ಅಂಚಿನ ಸುತ್ತ ಕೊಳೆ ಬಿಡುತ್ತದೆ.

ಬೇರೆ ತಂತ್ರಾಂಶದಲ್ಲಿ ಫಾಂಟ್ ಬಳಸಿ ಚಿತ್ರ ಮಾಡುವವರು ಆಂಟಿ ಅಲಿಯಾಸಿಂಗ್ ಆಫ್ ಮಾಡಿ. ಅಂಚು ನಯವಾಗಿ ಕಾಣಲಿ ಎಂದು ಕಂಪ್ಯೂಟರ್ ಬೂದು ಬಣ್ಣ ತುಂಬುವುದಕ್ಕೆ ಆ ಹೆಸರು. ಏಕಬಣ್ಣದ ಬೋರ್ಡಿಗೆ ಬೂದು ಎಂದರೆ ಏನೆಂದು ಗೊತ್ತಿಲ್ಲ. ಉರಿಸಬೇಕೋ ಆರಿಸಬೇಕೋ ಅದೇ ತೀರ್ಮಾನಿಸುತ್ತದೆ, ಅಕ್ಷರ ಹಲ್ಲು ಕಿತ್ತ ಬಾಚಣಿಗೆಯಂತೆ ಕಾಣುತ್ತದೆ.

ಅಗಲದ ಲೆಕ್ಕ ಮೊದಲೇ ಹಾಕಿ. ಮೈ 9 ಚುಕ್ಕಿ, ನಡುವೆ 1 ಅಥವಾ 2. ಅಂದಾಜು ಅಕ್ಷರಕ್ಕೆ 11. ಕೊಂಬು, ದೀರ್ಘ ಬಂದರೆ ಇನ್ನೂ 4, 5. "ಬಸವನಗುಡಿ"ಗೆ 70ರ ಆಸುಪಾಸು, ಅಂದರೆ ಮೂರು ಮಾಡ್ಯೂಲ್. ಎರಡಕ್ಕೆ ಹಿಡಿಸಲ್ಲ. ಹೆಸರು ಪೂರ್ತಿ ಹಿಡಿಸುವಂತಿದ್ದರೆ ದಯವಿಟ್ಟು ಓಡಿಸಬೇಡಿ. ನಿಂತ ಅಕ್ಷರವನ್ನು ಓದಿದಷ್ಟು ಸಲೀಸಾಗಿ ಓಡುವ ಕನ್ನಡವನ್ನು ಓದಲಾಗದು, ಒತ್ತು ಮೂಡುವಷ್ಟರಲ್ಲಿ ಅಕ್ಷರ ಮುಂದೆ ಹೋಗಿರುತ್ತದೆ. ಹೆಸರು ನಿಲ್ಲಲಿ, ಕೆಳಗಿನ ಸಾಲು ಬೇಕಾದರೆ ಓಡಲಿ.

ದೂರದ ಲೆಕ್ಕ: ಒಂದು ಮಿಲಿಮೀಟರಿಗೆ ಒಂದು ಮೀಟರ್ ಎಂಬುದು ಬೋರ್ಡಿನವರ ರೂಢಿ. ಪಿ10 ಎಂದರೆ ಸುಮಾರು 10 ಮೀಟರ್ ಆಚೆಯಿಂದ ಚೆಂದ. ರಸ್ತೆ ದಾಟಿ ನಿಂತು ನೋಡಿ. ಕೌಂಟರಿನ ಒಳಗೆ, ಗಿರಾಕಿಯ ಮೂಗಿನ ಮುಂದೆ ಪಿ10 ಹಾಕಿಸಬೇಡಿ.

ಎಸ್‌ಎಂಪಿಎಸ್‌ಗೆ ಕಂಜೂಸ್ ಮಾಡಬೇಡಿ. ಎಲ್ಲಾ ಚುಕ್ಕಿ ಉರಿದರೆ ಒಂದು ಮಾಡ್ಯೂಲ್ ಸುಮಾರು 20 ವಾಟ್ ತನಕ ಎಳೆಯಬಹುದು. 5 ವೋಲ್ಟ್, 40 ಆಂಪ್ ಡಬ್ಬ ಅಂದರೆ 200 ವಾಟ್. ಅದಕ್ಕೆ 8 ಮಾಡ್ಯೂಲ್ ಹಾಕಿ ನಿಲ್ಲಿಸಿ. 230 ವೋಲ್ಟಿನ ಕಡೆಯ ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಬೋರ್ಡ್ ಹೊರಗಿದ್ದರೆ ಡಬ್ಬಕ್ಕೆ ಮಳೆ ನೀರು ತಾಗದಂತೆ ನೋಡಿಕೊಳ್ಳಿ.

ಬೋರ್ಡ್ ಉರಿದ ಕೂಡಲೇ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ಫೋಟೋದಲ್ಲಿ ಅರ್ಧ ಸಾಲು ಇಲ್ಲ, ಬೋರ್ಡ್ ಕೆಟ್ಟಿದೆ ಎಂದು ಗಾಬರಿಯಾಗುತ್ತಾರೆ. ಕೆಟ್ಟಿಲ್ಲ. ಮಾಮೂಲಿ ಪಿ10ನಲ್ಲಿ ಒಂದು ಗಳಿಗೆಗೆ 16ರಲ್ಲಿ 4 ಸಾಲು ಮಾತ್ರ ಉರಿಯುತ್ತವೆ. ನಾಲ್ಕು ಸರದಿ ಬೇಗ ಬೇಗ ತಿರುಗುವುದರಿಂದ ಕಣ್ಣಿಗೆ ಪೂರ್ತಿ ಕಾಣುತ್ತದೆ, ಕ್ಯಾಮೆರಾಗೆ ಕಾಣುವುದಿಲ್ಲ. ಮೊಬೈಲಿನ ಪ್ರೊ ಮೋಡಿನಲ್ಲಿ ಶಟರ್ ವೇಗ 1/50ಕ್ಕೆ ಇಳಿಸಿ ತೆಗೆಯಿರಿ.

ಹಂತ 8: ಕಾಗದಕ್ಕೆ, ಬಟ್ಟೆಗೆ, ವಿಡಿಯೋಗೆ

ಶೀರ್ಷಿಕೆಗೆ ಬಳಸಿ, ಪ್ಯಾರಾಗೆ ಬೇಡ. ಹೋಟೆಲ್ ಮೆನುವಿನ ತಲೆಯಲ್ಲಿ "ತಿಂಡಿ" ಎಂದು ಹಾಕಿ, ಕೆಳಗಿನ ಇಡ್ಲಿ ವಡೆ ದರಪಟ್ಟಿ ಮಾಮೂಲಿ ಅಕ್ಷರದಲ್ಲಿರಲಿ.

ಹಳೇ ಬೋರ್ಡಿನ ನೋಟ ಬೇಕಾದರೆ ಬಣ್ಣ ಕೆಂಪು ಅಥವಾ ಕಿತ್ತಳೆ. ಕಣ್ಣಿಗೆ ಕಾಣುವ ಬೆಳಕಿನ ಎಲ್‌ಇಡಿ 1962ರಲ್ಲಿ ಮೊದಲು ಬಂದದ್ದೇ ಕೆಂಪಿನಲ್ಲಿ. ಪ್ರಖರ ನೀಲಿ ಬರಲು 1990ರ ದಶಕದ ತನಕ ಕಾಯಬೇಕಾಯಿತು. ನೀಲಿ ಚುಕ್ಕಿಯಲ್ಲಿ ಬರೆದರೆ ಹಳೇ ಕಾಲದ ಭಾವನೆ ಬರದಿರುವುದು ಅದಕ್ಕೇ. ಆರಿದ ಚುಕ್ಕಿಗಳನ್ನೂ ಮಸುಕಾಗಿ ಹಿಂದೆ ತೋರಿಸಿ, ಕಪ್ಪಿನ ಮೇಲೆ ಕಡುಗಂದು. ಅಷ್ಟರಿಂದಲೇ ನೋಟ ಅರ್ಧ ಬಂದುಬಿಡುತ್ತದೆ.

ಟೀ ಶರ್ಟಿನ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಚುಕ್ಕಿ ತೀರಾ ಸಣ್ಣದಾದರೆ ಶಾಯಿ ಹರಡಿ ಒಂದಕ್ಕೊಂದು ಅಂಟುತ್ತದೆ. ನೂರು ಹೊಡೆಸುವ ಮೊದಲು ಒಂದು ಹೊಡೆಸಿ ನೋಡಿ. ವಿನೈಲ್ ಕತ್ತರಿಸಿ ಅಂಟಿಸುವ ಸ್ಟಿಕರ್ ಬೋರ್ಡಿಗೆ ಈ ಫಾಂಟ್ ತೆಗೆದುಕೊಂಡು ಹೋಗಬೇಡಿ. ಪ್ರತಿ ಚುಕ್ಕಿಯೂ ಬೇರೆ ಬೇರೆ ಚೂರು. "ಶ್ರೀ ಲಕ್ಷ್ಮಿ" ಅಷ್ಟಕ್ಕೇ ನೂರಾರು ಚೂರು ಬಿಡಿಸಿ ಅಂಟಿಸಬೇಕು, ಅಂಟಿಸುವವರು ನಿಮ್ಮನ್ನು ಬೈದುಕೊಳ್ಳುತ್ತಾರೆ. ಬೇಕೇ ಬೇಕು ಅಂದರೆ ಅದೇ ಅಕ್ಷರವನ್ನು ಕಪ್ಪು ಹಿನ್ನೆಲೆ ಸಮೇತ ಒಂದೇ ಹಾಳೆಯಾಗಿ ಪ್ರಿಂಟ್ ಹಾಕಿಸಿ ಅಂಟಿಸಿ.